ರಾಲ್ಫ್ ಡಿಪಾಲ್ಮಾ ನಿಜಕ್ಕೂ ದುರದೃಷ್ಟವಂತರೇ?

ಪ್ರಶ್ನೆ: ಹಳೆಯ ಕಾರು ರೇಸುಗಳ ಚಿತ್ರಸಂಪುಟವೊಂದರಲ್ಲಿ, ಕೆಟ್ಟು ನಿಂತ ರೇಸ್ ಕಾರನ್ನು ಇಬ್ಬರು ತಳ್ಳಿಕೊಂಡು ಹೋಗುತ್ತಿರುವ ಛಾಯಾಚಿತ್ರ ನೋಡಿದೆ. ‘1912, ಇಂಡಿಯಾನಾಪೊಲಿಸ್, ದುರದೃಷ್ಟವಂತ ರಾಲ್ಫ್ ಡಿಪಾಲ್ಮಾ’ ಎಂಬ ಅಡಿಬರಹ ಅದಕ್ಕಿತ್ತು. ಗೆಲುವಿಗೆ ಎರಡೇ ಸುತ್ತು ಬಾಕಿ ಇದ್ದಾಗ ಕಾರು ನಿಂತಿತೆಂಬುದು ನಿಜವೇ? ತಳ್ಳಿಕೊಂಡೇ ಗೆರೆ ದಾಟಿದ್ದರೆ ಅವರು ಗೆಲ್ಲುತ್ತಿದ್ದರೇ? ಅವರು 2,000 ರೇಸ್ ಗೆದ್ದಿದ್ದರೆಂದು ಬೇರೊಂದೆಡೆ ಓದಿದ್ದೇನೆ. ಅಷ್ಟು ಗೆದ್ದವರನ್ನು ಒಂದು ಸೋಲಿಗಾಗಿ ನೆನೆಯುವುದೇಕೆ? ಅವರ ಜೀವನದ ಬಗ್ಗೆ ವಿವರವಾಗಿ ತಿಳಿಸಿ.

ಉತ್ತರ: ಘಟನೆ ನಿಜ, ಛಾಯಾಚಿತ್ರವೂ ನಿಜ. ಆ ಅಡಿಬರಹದಲ್ಲಿರುವ ‘ದುರದೃಷ್ಟವಂತ’ ಎಂಬ ವಿಶೇಷಣವನ್ನು ಮಾತ್ರ ನಾನು ಒಪ್ಪಲಾರೆ. 1912ರಲ್ಲಿ ಡಿಪಾಲ್ಮಾ ಅವರ ಕೈತಪ್ಪಿದ ರೇಸನ್ನು ಅವರು 1915ರಲ್ಲಿ ಗೆದ್ದರು. ಆಗಲೂ ಅವರ ಕಾರಿನ ಎಂಜಿನ್‌ನಲ್ಲಿ ಮುರಿದದ್ದು ಕನೆಕ್ಟಿಂಗ್ ರಾಡ್ ಎಂಬ ಅದೇ ಭಾಗ, ಅದೂ ಹೆಚ್ಚುಕಡಿಮೆ ಅದೇ ಹಂತದಲ್ಲಿ, ಗೆಲುವಿಗೆ ಮೂರು ಸುತ್ತುಗಳಷ್ಟೇ ಉಳಿದಿದ್ದಾಗ. ಈ ಎರಡು ರೇಸುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಕಾಲದ ಯಂತ್ರಗಳ ಗುಣ ಹಾಗೂ ಆ ಚಾಲಕರ ಯೋಗ್ಯತೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ. ಸೋತ ರೇಸಿನ ಚಿತ್ರ ಮಾತ್ರ ಜನರ ನೆನಪಿನಲ್ಲಿ ಉಳಿದುಬಿಟ್ಟಿದೆ ಎಂಬುದು ನನಗೆ ಬೇಸರದ ಸಂಗತಿ.

ಮೊದಲು ಅವರ ಹಿನ್ನೆಲೆ. ರಫಾಯೆಲೆ ಡಿಪಾಲ್ಮಾ ಹುಟ್ಟಿದ್ದು 1882ರ ಡಿಸೆಂಬರ್‌ನಲ್ಲಿ, ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದ ಬಿಕ್ಕಾರಿ ಎಂಬ ಊರಿನಲ್ಲಿ. 1892ರಲ್ಲಿ, ಅವರಿನ್ನೂ ಬಾಲಕರಾಗಿದ್ದಾಗಲೇ, ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ರಫಾಯೆಲೆ ಎಂಬ ಹೆಸರು ಅಲ್ಲಿ ರಾಲ್ಫ್ ಎಂದಾಯಿತು. ಆ ತಲೆಮಾರಿನ ಹಲವು ರೇಸ್ ಚಾಲಕರಂತೆ ಅವರೂ ಮೊದಲು ಸೈಕಲ್ ಸ್ಪರ್ಧೆಗಳಲ್ಲಿ, ಆಮೇಲೆ ಮೋಟಾರ್‌ಸೈಕಲ್ ಸ್ಪರ್ಧೆಗಳಲ್ಲಿ ಪಳಗಿ, ಇಪ್ಪತ್ತೈದರ ಆಸುಪಾಸಿನಲ್ಲಿ ಕಾರುಗಳತ್ತ ಬಂದರು. 1908ರ ನವೆಂಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ ಮೊದಲ ಅಮೆರಿಕನ್ ಗ್ರ್ಯಾಂಡ್ ಪ್ರೈಜ್ ನಡೆದಾಗ, ಯುರೋಪಿನ ಘಟಾನುಘಟಿಗಳ ನಡುವೆ ಫಿಯಟ್ ಕಾರು ಓಡಿಸಿದ ಈ ಹೊಸಬ ಇಡೀ ರೇಸಿನ ಅತಿವೇಗದ ಸುತ್ತನ್ನು ದಾಖಲಿಸಿದರು. ಅಂದು ಅವರು ಗೆಲ್ಲಲಿಲ್ಲವಾದರೂ ಅವರ ಹೆಸರು ಮೊದಲ ಬಾರಿಗೆ ದೇಶಕ್ಕೆಲ್ಲ ತಿಳಿದದ್ದು ಅಲ್ಲಿಯೇ.

ಆ ದಿನಗಳ ಅಮೆರಿಕದಲ್ಲಿ ಕಾರು ರೇಸುಗಳು ಮುಖ್ಯವಾಗಿ ಎರಡು ಬಗೆಯ ಜಾಗಗಳಲ್ಲಿ ನಡೆಯುತ್ತಿದ್ದವು. ಒಂದು, ಹಳ್ಳಿ ಪಟ್ಟಣಗಳ ನಡುವಿನ ಸಾರ್ವಜನಿಕ ರಸ್ತೆಗಳನ್ನು ಒಂದೆರಡು ದಿನ ಮುಚ್ಚಿ ಮಾಡುತ್ತಿದ್ದ ಉದ್ದನೆಯ ರಸ್ತೆ ರೇಸ್. ಇನ್ನೊಂದು, ಜಾತ್ರೆ ಮೈದಾನಗಳಲ್ಲಿ ಕುದುರೆ ರೇಸಿಗಾಗಿ ಕಟ್ಟಿದ್ದ ಒಂದು ಮೈಲಿ ಸುತ್ತಳತೆಯ ಮಣ್ಣಿನ ಟ್ರ್ಯಾಕ್. ಮಣ್ಣಿನ ಟ್ರ್ಯಾಕಿನಲ್ಲಿ ಎರಡು ಕಾರು ಓಡಿದರೆ ಮೂರನೆಯವರಿಗೆ ದೂಳಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಸೀಟ್ ಬೆಲ್ಟ್ ಇರಲಿಲ್ಲ, ತಲೆಗೆ ಗಟ್ಟಿಯಾದ ಹೆಲ್ಮೆಟ್ ಇರಲಿಲ್ಲ. ಬಟ್ಟೆಯ ಅಥವಾ ತೊಗಲಿನ ಟೋಪಿ, ದೂಳುಕನ್ನಡಕ, ಇಷ್ಟೇ ರಕ್ಷಣೆ. ಬ್ರೇಕ್ ಇರುತ್ತಿದ್ದುದು ಹಿಂದಿನ ಚಕ್ರಗಳಿಗೆ ಮಾತ್ರ. ಡಿಪಾಲ್ಮಾ ಈ ಎರಡೂ ಬಗೆಯ ಜಾಗಗಳಲ್ಲಿ ಸಮಾನವಾಗಿ ಗೆದ್ದವರು ಎಂಬುದನ್ನು ಗಮನಿಸಬೇಕು. ಮಣ್ಣಿನಲ್ಲಿ ಹಿಂಚಕ್ರಗಳನ್ನು ಜಾರಿಸಿಕೊಂಡು ತಿರುಗಿಸುವ ಕೈಚಳಕಕ್ಕೂ, ನೂರಾರು ಮೈಲಿ ರಸ್ತೆಯಲ್ಲಿ ಟೈರು ಮತ್ತು ಎಂಜಿನ್ ಉಳಿಸಿಕೊಂಡು ಓಡುವ ತಾಳ್ಮೆಗೂ ಬಹಳ ಅಂತರವಿದೆ. ಎರಡೂ ಇದ್ದವರು ವಿರಳ.

ಇನ್ನು ನೀವು ಕೇಳಿದ ರೇಸ್. ಇಂಡಿಯಾನಾಪೊಲಿಸ್ ಟ್ರ್ಯಾಕಿನ ಒಂದು ಸುತ್ತು ಎರಡೂವರೆ ಮೈಲಿ. 1909ರಲ್ಲಿ ಅದಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಇಟ್ಟಿಗೆ ಹಾಸಿದರು. 200 ಸುತ್ತು ಮುಗಿದರೆ 500 ಮೈಲಿ, ಅಂದರೆ ಸುಮಾರು 805 ಕಿಲೋಮೀಟರ್. 1911ರಲ್ಲಿ ನಡೆದ ಮೊದಲ 500 ಮೈಲಿ ರೇಸಿನಲ್ಲಿ ಡಿಪಾಲ್ಮಾ ಸಿಂಪ್ಲೆಕ್ಸ್ ಕಾರಿನಲ್ಲಿ ಆರನೆಯವರಾಗಿದ್ದರು. 1912ರಲ್ಲಿ ಅವರು ಓಡಿಸಿದ್ದು ಇ. ಜೆ. ಶ್ರೋಡರ್ ಎಂಬವರ ಒಡೆತನದ ಬೂದು ಬಣ್ಣದ ಮರ್ಸಿಡಿಸ್. ಪಕ್ಕದ ಸೀಟಿನಲ್ಲಿ ಕುಳಿತ ಮೆಕ್ಯಾನಿಕ್ ಆಸ್ಟ್ರೇಲಿಯಾದ ರೂಪರ್ಟ್ ಜೆಫ್ಕಿನ್ಸ್. ಆ ಕಾಲದ ಮೆಕ್ಯಾನಿಕ್ ಕೈಪಂಪು ಒತ್ತಿ ಎಂಜಿನ್‌ಗೆ ಎಣ್ಣೆ ಹಾಗೂ ಪೆಟ್ರೋಲಿನ ಒತ್ತಡ ಕೊಡಬೇಕು, ಟೈರು ಸವೆದದ್ದನ್ನು ನೋಡಿ ಹೇಳಬೇಕು, ಹಿಂದಿನಿಂದ ಬರುವ ಕಾರಿನ ಸುಳಿವು ಕೊಡಬೇಕು, ಆರು ತಾಸು ಅಲುಗಾಡದ ಗಮನದಿಂದ ಇದನ್ನೆಲ್ಲ ಮಾಡಬೇಕು. ಅಪಘಾತವಾದರೆ ಚಾಲಕನಷ್ಟೇ ಪ್ರಾಣಾಪಾಯ ಅವನಿಗೂ ಇತ್ತು.

ಮೂರನೆಯ ಸುತ್ತಿನಲ್ಲಿ ಡಿಪಾಲ್ಮಾ ಮುನ್ನಡೆ ಪಡೆದರು. ಅಲ್ಲಿಂದ ಸತತ 196 ಸುತ್ತು ಅವರ ಮುಂದೆ ಯಾರೂ ಬರಲಿಲ್ಲ. ಎರಡನೆಯ ಸ್ಥಾನದಲ್ಲಿದ್ದ ಜೋ ಡಾಸನ್ ಅವರ ನ್ಯಾಷನಲ್ ಕಾರಿಗೂ ಇವರಿಗೂ ಸುಮಾರು ಐದು ಸುತ್ತಿನ ಅಂತರ ಬಿದ್ದಿತ್ತು. ಇನ್ನೇನು ಮೂರು ಸುತ್ತು ಉಳಿದಿವೆ ಎನ್ನುವಾಗ ಎಂಜಿನ್‌ನ ಸದ್ದು ಕೆಟ್ಟಿತು. ವೇಗ ಇಳಿಯುತ್ತ ಹೋಯಿತು, ಎಣ್ಣೆ ಸೋರಿತು, ಕೊನೆಗೆ ಕನೆಕ್ಟಿಂಗ್ ರಾಡ್ ಮುರಿದು 199ನೆಯ ಸುತ್ತಿನಲ್ಲಿ ಕಾರು ಪೂರ್ತಿ ನಿಂತುಹೋಯಿತು. ಡಿಪಾಲ್ಮಾ ಮತ್ತು ಜೆಫ್ಕಿನ್ಸ್ ಕೆಳಗಿಳಿದು, ಒಂದು ಟನ್ನಿಗೂ ಹೆಚ್ಚು ತೂಕದ ಆ ಕಾರನ್ನು ತಳ್ಳತೊಡಗಿದರು. ಆರು ತಾಸಿನ ದೂಳು, ಎಣ್ಣೆ, ದಣಿವು ಮೈಮೇಲೆ ಹಾಗೇ ಇತ್ತು. ಅವರು ಮುಖ್ಯ ನೇರದಾರಿಯಲ್ಲಿ ಇಟ್ಟಿಗೆಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ, ಟೈರು ಬದಲಿಸಿ ಕಾರು ರಿಪೇರಿ ಮಾಡುವ ಟ್ರ್ಯಾಕ್ ಬದಿಯ ಪಿಟ್‌ಗಳತ್ತ ಬರುತ್ತಿದ್ದಾಗ ಡಾಸನ್ ಅವರನ್ನು ದಾಟಿ ಹೋಗಿ, ಇಡೀ ರೇಸಿನಲ್ಲಿ ಕೊನೆಯ ಎರಡು ಸುತ್ತು ಮಾತ್ರ ಮುಂದಿದ್ದು ಗೆದ್ದರು. ಜನ ಎದ್ದು ನಿಂತು ಜಯಘೋಷ ಮಾಡಿದ್ದು ತಳ್ಳುತ್ತಿದ್ದ ಇಬ್ಬರಿಗೆ. ಡಿಪಾಲ್ಮಾ ನಗುತ್ತಲೇ ಹೋಗಿ ಡಾಸನ್ ಅವರನ್ನು ಅಭಿನಂದಿಸಿದರು.

ತಳ್ಳಿಕೊಂಡು ಗೆರೆ ದಾಟಿದ್ದರೆ ಗೆಲ್ಲುತ್ತಿದ್ದರೇ ಎಂದು ಕೇಳಿದ್ದೀರಿ. ಇಲ್ಲ. ಕಾರು ತನ್ನದೇ ಶಕ್ತಿಯಿಂದ ದೂರ ಕ್ರಮಿಸಬೇಕೆಂಬುದು ನಿಯಮ. ಅದೂ ಅಲ್ಲದೆ ಗೆರೆ ದಾಟಿದ ಮೇಲೂ ಅವರಿಗೆ ಇನ್ನೂ ಒಂದು ಸುತ್ತು, ಅಂದರೆ ಎರಡೂವರೆ ಮೈಲಿ, ಬಾಕಿ ಇರುತ್ತಿತ್ತು. ಅಧಿಕೃತ ಫಲಿತಾಂಶದಲ್ಲಿ ಅವರಿಗೆ ದೊರೆತದ್ದು ಹನ್ನೊಂದನೆಯ ಸ್ಥಾನ. ಹತ್ತನೆಯವರಾದ ರಾಲ್ಫ್ ಮಲ್ಫರ್ಡ್ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಬಹುಮಾನ ಬೇಕಿದ್ದರೆ 500 ಮೈಲಿ ಪೂರ್ತಿ ಓಡಬೇಕೆಂದು ಅಧಿಕಾರಿಗಳು ಪಟ್ಟು ಹಿಡಿದದ್ದರಿಂದ, ಮಲ್ಫರ್ಡ್ ನಡುವೆ ನಿಲ್ಲಿಸಿ ಹುರಿದ ಕೋಳಿ ತಿಂದುಕೊಂಡು, ಖಾಲಿಯಾಗುತ್ತಿದ್ದ ಮೈದಾನದಲ್ಲಿ ಒಬ್ಬರೇ ಸುತ್ತುತ್ತ, ಸುಮಾರು 8 ತಾಸು 53 ನಿಮಿಷಕ್ಕೆ ರೇಸ್ ಮುಗಿಸಿದರು. 196 ಸುತ್ತು ಮುಂದಿದ್ದವರಿಗಿಂತ ಒಂದು ಸ್ಥಾನ ಮೇಲೆ ಅವರ ಹೆಸರಿದೆ.

ಈಗ ಮುರಿದ ಆ ರಾಡ್ ಬಗ್ಗೆ ಎರಡು ಮಾತು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಉಕ್ಕಿನ ತೋಳೇ ಕನೆಕ್ಟಿಂಗ್ ರಾಡ್. ಎಂಜಿನ್ ತಿರುಗುವ ಪ್ರತಿ ಸುತ್ತಿನಲ್ಲೂ ಅದು ಒಮ್ಮೆ ಒತ್ತಡಕ್ಕೆ, ಒಮ್ಮೆ ಎಳೆತಕ್ಕೆ ಸಿಕ್ಕುತ್ತದೆ. ಈ ಎಳೆತವು ಪಿಸ್ಟನ್ನಿನ ತೂಕ ಹೆಚ್ಚಿದಷ್ಟೂ ಹೆಚ್ಚುತ್ತದೆ. ಎಂಜಿನ್ ತಿರುಗುವ ವೇಗ ದುಪ್ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. 1912ರ ಆ ಮರ್ಸಿಡಿಸ್ ಮೂಲತಃ 1908ರ ಗ್ರ್ಯಾನ್ ಪ್ರಿ ವಿನ್ಯಾಸದ್ದು. ನಾಲ್ಕೇ ಸಿಲಿಂಡರುಗಳಲ್ಲಿ ಸುಮಾರು 9.5 ಲೀಟರ್ ಸಾಮರ್ಥ್ಯ, ಅಂದರೆ ಒಂದೊಂದು ಸಿಲಿಂಡರ್ ಸುಮಾರು 2.4 ಲೀಟರ್. ನಮ್ಮ ರಸ್ತೆಗಳಲ್ಲಿ ಇಂದು ಓಡುವ ಸಣ್ಣ ಕಾರುಗಳ ಇಡೀ ಎಂಜಿನ್ 1.2 ಲೀಟರಿನ ಆಸುಪಾಸು ಇರುತ್ತದೆ ಎಂಬುದನ್ನು ನೆನೆದರೆ ಆ ಪಿಸ್ಟನ್ನುಗಳ ಗಾತ್ರದ ಅಂದಾಜು ಸಿಗುತ್ತದೆ. ಅಷ್ಟು ಭಾರವಾದ ಪಿಸ್ಟನ್, ಅಂದಿನ ಗುಣಮಟ್ಟದ ಉಕ್ಕು, ಅಂದಿನ ಎಣ್ಣೆ, ಇಟ್ಟಿಗೆ ಹಾಸಿನ ನಿರಂತರ ಕುಲುಕಾಟ, ಇವೆಲ್ಲದರ ನಡುವೆ ಆರು ತಾಸು ಓಡಿದ ಎಂಜಿನ್ ಕೊನೆಗೆ ಸೋತರೆ ಅದನ್ನು ವಿಧಿಯಾಟ ಎನ್ನುವುದಕ್ಕಿಂತ ಲೋಹದ ದಣಿವು ಎನ್ನುವುದು ಹೆಚ್ಚು ಸರಿ. ಆ ರೇಸಿನಲ್ಲಿ ಹೊರಟ 24 ಕಾರುಗಳಲ್ಲಿ ಪೂರ್ತಿ ದೂರ ಓಡಿ ಮುಗಿಸಿದವು ಹತ್ತು ಮಾತ್ರ. ಯಾರ ಕಾರು ಯಾವಾಗ ನಿಲ್ಲುತ್ತದೆ ಎಂಬುದೇ ಅಂದಿನ ರೇಸಿನ ಅರ್ಧ ಪಾಲು.

ಆ ವರ್ಷ ಅಲ್ಲಿಗೆ ಮುಗಿಯಲಿಲ್ಲ. ಇಲಿನಾಯ್ ರಾಜ್ಯದ ಎಲ್ಜಿನ್ ರಸ್ತೆ ರೇಸನ್ನು ಡಿಪಾಲ್ಮಾ ಆಗಸ್ಟ್‌ನಲ್ಲಿ ಗೆದ್ದರು. ಅಕ್ಟೋಬರ್‌ನಲ್ಲಿ ಮಿಲ್ವಾಕಿಯಲ್ಲಿ ವಾಂಡರ್‌ಬಿಲ್ಟ್ ಕಪ್ ಎಂಬ ರಸ್ತೆ ರೇಸನ್ನು ಗೆದ್ದರು. ಕೆಲವೇ ದಿನಗಳ ನಂತರ ಅದೇ ರಸ್ತೆಯಲ್ಲಿ ನಡೆದ ಗ್ರ್ಯಾಂಡ್ ಪ್ರೈಜ್ ರೇಸಿನ ಕೊನೆಯ ಸುತ್ತಿನಲ್ಲಿ, ಮುಂದಿದ್ದ ಕೇಲೆಬ್ ಬ್ರಾಗ್ ಅವರ ಫಿಯಟ್ ಕಾರನ್ನು ಹಿಂದಿಕ್ಕಲು ಹೋಗಿ ಚಕ್ರಕ್ಕೆ ಚಕ್ರ ತಗುಲಿ, ಅವರ ಮರ್ಸಿಡಿಸ್ ಮಗುಚಿಕೊಂಡು ಹೊಲಕ್ಕೆ ಬಿತ್ತು. ಡಿಪಾಲ್ಮಾ ಹಾಗೂ ಅವರ ಮೆಕ್ಯಾನಿಕ್ ಇಬ್ಬರಿಗೂ ತೀವ್ರ ಪೆಟ್ಟಾಯಿತು. ಅದೇ ರಸ್ತೆಯಲ್ಲಿ ಅಭ್ಯಾಸದ ವೇಳೆ ಡೇವಿಡ್ ಬ್ರೂಸ್-ಬ್ರೌನ್ ಎಂಬ ಪ್ರತಿಭಾವಂತ ಯುವ ಚಾಲಕ ಆಗಷ್ಟೇ ಮೃತಪಟ್ಟಿದ್ದರು; ಹೀಗಾಗಿ ಬ್ರಾಗ್ ಅವರ ಮೇಲೆ ಆರೋಪ ಬರುವುದು ಬಹಳ ಸುಲಭವಾಗಿತ್ತು. ಆದರೆ ಡಿಪಾಲ್ಮಾ ಗಾಯಗೊಂಡು ಮಲಗಿದ್ದಾಗಲೇ ಬ್ರಾಗ್ ಅವರದು ತಪ್ಪಿಲ್ಲ, ಅವರು ತನಗೆ ದಾರಿ ಬಿಟ್ಟಿದ್ದರು ಎಂದು ಸ್ಪಷ್ಟಪಡಿಸಿದರು. ಅವರ ಸ್ವಭಾವದ ಬಗ್ಗೆ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ಕಾರು ತಳ್ಳಿದ್ದು ಆ ಕ್ಷಣದ ಛಲ. ಇದು ನೋವಿನಲ್ಲೂ ಎದುರಾಳಿಗೆ ನ್ಯಾಯ ಸಲ್ಲಿಸಿದ ನಡತೆ.

ಅವರ ಬುದ್ಧಿವಂತಿಕೆಯನ್ನು ತೋರಿಸುವ ರೇಸ್ ಬೇರೆಯದಿದೆ. 1914ರ ಫೆಬ್ರುವರಿ 26ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ವಾಂಡರ್‌ಬಿಲ್ಟ್ ಕಪ್ ನಡೆಯಿತು. ಅದಕ್ಕೆ ಮೊದಲು ಡಿಪಾಲ್ಮಾ ಮರ್ಸರ್ ಕಂಪನಿಯ ತಂಡದ ನಾಯಕರಾಗಿದ್ದರು. ಕಂಪನಿಯು ಬಾರ್ನಿ ಓಲ್ಡ್‌ಫೀಲ್ಡ್ ಅವರನ್ನು ತಂಡಕ್ಕೆ ಸೇರಿಸಿಕೊಂಡಿತೆಂದು ತಿಳಿದಾಗ ಡಿಪಾಲ್ಮಾ ತಂಡವನ್ನೇ ಬಿಟ್ಟರು. ಓಲ್ಡ್‌ಫೀಲ್ಡ್ ಆಗ ಅಮೆರಿಕದ ಅತ್ಯಂತ ಪ್ರಸಿದ್ಧ ಚಾಲಕ. 1902ರಲ್ಲಿ ಹೆನ್ರಿ ಫೋರ್ಡ್ ಅವರ ‘999’ ಕಾರಿನಲ್ಲಿ ಹೆಸರು ಮಾಡಿದವರು, ಬಾಯಲ್ಲಿ ಚುಟ್ಟ ಕಚ್ಚಿಕೊಂಡೇ ಕಾರು ಓಡಿಸುವವರು, ಊರೂರು ತಿರುಗಿ ಪ್ರದರ್ಶನ ರೇಸುಗಳಿಂದ ದುಡ್ಡು ಮಾಡಿದವರು. ಇಬ್ಬರ ದಾರಿಗಳೂ ಬೇರೆ, ಇಬ್ಬರ ನಡುವೆ ಪ್ರೀತಿಯೂ ಇರಲಿಲ್ಲ. ತಂಡ ಬಿಟ್ಟ ಡಿಪಾಲ್ಮಾ ತಮ್ಮ ಹಳೆಯ ಬೂದು ಮರ್ಸಿಡಿಸನ್ನೇ ಮತ್ತೆ ಸಿದ್ಧಪಡಿಸಿಕೊಂಡು ಸಾಂಟಾ ಮೋನಿಕಾಗೆ ಬಂದರು.

ಸುತ್ತು ಸುಮಾರು 8.4 ಮೈಲಿಯದು, ಒಟ್ಟು 35 ಸುತ್ತು, 294 ಮೈಲಿ. ಬರೀ ಓಡುವ ವೇಗ ನೋಡಿದರೆ ಓಲ್ಡ್‌ಫೀಲ್ಡ್ ಅವರ ಮರ್ಸರ್ ಮುಂದು. ಆದರೆ ಅದು ಟೈರುಗಳನ್ನು ಬೇಗ ತಿನ್ನುತ್ತಿತ್ತು. ಡಿಪಾಲ್ಮಾ ತಮ್ಮ ಟೈರುಗಳನ್ನು ಹದವಾಗಿ ಬಳಸುತ್ತ ಬಂದಿದ್ದರು. ರೇಸಿನ ಕೊನೆಯ ಭಾಗದಲ್ಲಿ ಇಬ್ಬರೂ ಹತ್ತಿರವಿದ್ದಾಗ, ಓಲ್ಡ್‌ಫೀಲ್ಡ್ ಅವರ ಕಾರಿನ ಟೈರು ಸವೆದು ಒಳನೂಲು ಹೊರಬರುತ್ತಿರುವುದನ್ನು ಡಿಪಾಲ್ಮಾ ಗಮನಿಸಿದರು. ಪಿಟ್ ಮುಂದೆ ಹಾದುಹೋಗುವಾಗ, ಎದುರಾಳಿಗೆ ಚೆನ್ನಾಗಿ ಕಾಣುವಂತೆ, ಮುಂದಿನ ಸುತ್ತಿನಲ್ಲಿ ನಿಲ್ಲುತ್ತೇನೆ, ಟೈರು ಸಿದ್ಧವಿಡಿ ಎಂದು ತಮ್ಮವರಿಗೆ ಕೈಸನ್ನೆ ಮಾಡಿದರು. ಡಿಪಾಲ್ಮಾ ಹೇಗೂ ನಿಲ್ಲುತ್ತಾರಲ್ಲ, ಹಾಗಾದರೆ ನಾನೂ ಟೈರು ಬದಲಿಸಿಕೊಂಡರೆ ನಷ್ಟವಿಲ್ಲ ಎಂದು ಲೆಕ್ಕ ಹಾಕಿದ ಓಲ್ಡ್‌ಫೀಲ್ಡ್ ಪಿಟ್‌ಗೆ ನುಗ್ಗಿದರು. ಡಿಪಾಲ್ಮಾ ನಿಲ್ಲಲೇ ಇಲ್ಲ; ಪೂರ್ತಿ ವೇಗದಲ್ಲಿ ಪಿಟ್ ದಾಟಿ ಹೋದರು. ಆ ನಿಲುಗಡೆಯಲ್ಲಿ ಕಳೆದುಹೋದ ಸಮಯವನ್ನು ಓಲ್ಡ್‌ಫೀಲ್ಡ್ ಕೊನೆಯವರೆಗೂ ತುಂಬಿಕೊಳ್ಳಲಾಗಲಿಲ್ಲ. ಇದನ್ನು ಮೋಸ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ಚದುರಂಗದ ಒಳ್ಳೆಯ ನಡೆಯಷ್ಟೇ ನ್ಯಾಯವಾದದ್ದು. ನಿಯಮ ಮುರಿದಿಲ್ಲ, ಯಾರ ಪ್ರಾಣಕ್ಕೂ ಅಪಾಯ ತಂದಿಲ್ಲ. ವೇಗ ಕಡಿಮೆಯಿದ್ದ ಹಳೆಯ ಕಾರಿನಲ್ಲಿ, ಎದುರಾಳಿಯ ಟೈರನ್ನೂ ಮನಸ್ಸನ್ನೂ ಏಕಕಾಲಕ್ಕೆ ಓದಿ ಗೆದ್ದ ಈ ರೇಸನ್ನು ನಾನು ಅವರ ವೃತ್ತಿಯ ಶಿಖರವೆಂದು ಭಾವಿಸುತ್ತೇನೆ, ಇಂಡಿಯಾನಾಪೊಲಿಸ್ ಗೆಲುವಿಗಿಂತಲೂ ಮೇಲಾಗಿ.

ಆ ಗೆಲುವಿಗೆ ಈಗ ಬರೋಣ. 1914ರ ಜುಲೈ 4ರಂದು ಫ್ರಾನ್ಸಿನ ಲಿಯಾನ್ ಬಳಿ ನಡೆದ ಗ್ರ್ಯಾನ್ ಪ್ರಿಯಲ್ಲಿ ಮರ್ಸಿಡಿಸ್ ಕಾರುಗಳು ಮೊದಲ ಮೂರು ಸ್ಥಾನ ಗಳಿಸಿದವು. ಡಿಪಾಲ್ಮಾ ಆ ಮಾದರಿಯ ಒಂದು ಕಾರನ್ನು ಕೊಂಡು, ಮಹಾಯುದ್ಧ ಯುರೋಪಿನ ಬಾಗಿಲುಗಳನ್ನೆಲ್ಲ ಮುಚ್ಚುವ ಹೊತ್ತಿಗೆ ಅಮೆರಿಕಕ್ಕೆ ತಂದರು. ಇದರ ಎಂಜಿನ್ ಸುಮಾರು 4.5 ಲೀಟರ್, ಹಳೆಯ ಬೂದು ಕಾರಿನದರ ಅರ್ಧಕ್ಕಿಂತ ಕಡಿಮೆ. ಆದರೆ ಉಕ್ಕಿನ ಸಿಲಿಂಡರುಗಳಿಗೆ ತೆಳುವಾದ ನೀರಿನ ಕವಚವನ್ನು ಬೆಸುಗೆ ಹಾಕಿದ್ದ, ಪ್ರತಿ ಸಿಲಿಂಡರಿಗೂ ನಾಲ್ಕು ಕವಾಟಗಳಿದ್ದ, ನಿಮಿಷಕ್ಕೆ 3,000ಕ್ಕೂ ಹೆಚ್ಚು ಸುತ್ತು ತಿರುಗುತ್ತಿದ್ದ ಈ ಎಂಜಿನ್ ವಿಮಾನದ ಎಂಜಿನ್‌ಗಳ ಅನುಭವದಿಂದ ಹುಟ್ಟಿದ್ದು. ಡೆಟ್ರಾಯ್ಟ್‌ನ ಪ್ಯಾಕರ್ಡ್ ಕಂಪನಿಯ ಎಂಜಿನಿಯರುಗಳು ಅದನ್ನು ಹತ್ತಿರದಿಂದ ಅಧ್ಯಯನ ಮಾಡಿದರು. 1917ರಲ್ಲಿ ಪ್ಯಾಕರ್ಡ್‌ನ ಜೆಸ್ಸಿ ವಿನ್ಸೆಂಟ್ ಮತ್ತು ಹಾಲ್-ಸ್ಕಾಟ್ ಕಂಪನಿಯ ಇ. ಜೆ. ಹಾಲ್ ಸೇರಿ ಅಮೆರಿಕದ ಯುದ್ಧವಿಮಾನಗಳಿಗಾಗಿ ರೂಪಿಸಿದ ಲಿಬರ್ಟಿ ಎಂಜಿನ್‌ನ ಸಿಲಿಂಡರುಗಳಲ್ಲಿ ಮರ್ಸಿಡಿಸ್‌ನ ಈ ಬೆಸುಗೆ ಉಕ್ಕಿನ ಪದ್ಧತಿಯನ್ನೇ ಕಾಣಬಹುದು. ರೇಸ್ ಚಾಲಕರೊಬ್ಬರು ತಂದ ಜರ್ಮನ್ ಕಾರು ಜರ್ಮನಿಯ ವಿರುದ್ಧದ ಯುದ್ಧದ ಎಂಜಿನ್‌ಗೆ ಪಾಠವಾದದ್ದು ಎಂಜಿನಿಯರಿಂಗ್ ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದ ಸಂಗತಿ.

1915ರ ಇಂಡಿಯಾನಾಪೊಲಿಸ್ ರೇಸ್ ಮಳೆಯಿಂದಾಗಿ ಎರಡು ದಿನ ಮುಂದಕ್ಕೆ ಹೋಗಿ ಮೇ 31ರ ಸೋಮವಾರ ನಡೆಯಿತು. ಡಿಪಾಲ್ಮಾ ಅವರ ಪಕ್ಕದಲ್ಲಿ ಈ ಬಾರಿ ಮೆಕ್ಯಾನಿಕ್ ಲೂಯಿ ಫಾಂಟೇನ್ ಇದ್ದರು. ಪ್ಯೂಜೊ ಕಾರಿನ ಡಾರಿಯೋ ರೆಸ್ಟಾ ಅವರೇ ಮುಖ್ಯ ಎದುರಾಳಿ. ರೆಸ್ಟಾ ಕೂಡ ಇಟಲಿಯಲ್ಲಿ ಹುಟ್ಟಿದವರು, ಬೆಳೆದದ್ದು ಇಂಗ್ಲೆಂಡಿನಲ್ಲಿ. ಇಬ್ಬರೂ ಬಹಳ ಹೊತ್ತು ಮುನ್ನಡೆಯನ್ನು ಕೈಬದಲಾಯಿಸಿಕೊಂಡರು. ರೆಸ್ಟಾ ಅವರ ಟೈರು ತೊಂದರೆ ಕೊಟ್ಟ ಮೇಲೆ ಡಿಪಾಲ್ಮಾ ಮುಂದಾಗಿ, ಕೊನೆಯ ಹಂತದಲ್ಲಿ ಹಲವು ನಿಮಿಷಗಳ ಅಂತರ ಮಾಡಿಕೊಂಡರು. ಮೂರು ಸುತ್ತು ಉಳಿದಿರುವಾಗ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್‌ಶಾಫ್ಟ್ ಸುತ್ತಲಿನ ಲೋಹದ ಕವಚಕ್ಕೆ, ಎರಡು ತೂತು ಹೊಡೆಯಿತು. ಕೆಳಗಿನಿಂದ ಎಣ್ಣೆ ಸುರಿಯುತ್ತಿತ್ತು. ಉಳಿದ ಮೂರು ಸಿಲಿಂಡರುಗಳು ಮಾತ್ರ ತಿರುಗುತ್ತಲೇ ಇದ್ದವು. ಡಿಪಾಲ್ಮಾ ಆ ಮೂರರಲ್ಲೇ ಏಳೂವರೆ ಮೈಲಿ ಓಡಿಸಿ ಗೆರೆ ದಾಟಿದರು. ಸರಾಸರಿ ವೇಗ ಗಂಟೆಗೆ 89.84 ಮೈಲಿ, ಸುಮಾರು 144.6 ಕಿಲೋಮೀಟರ್, 1922ರವರೆಗೂ ಅದು ಆ ರೇಸಿನ ದಾಖಲೆಯಾಗಿ ಉಳಿಯಿತು.

1912ರಲ್ಲಿ ನಿಂತ ಕಾರು 1915ರಲ್ಲಿ ಏಕೆ ನಿಲ್ಲಲಿಲ್ಲ? ಮುರಿದ ರಾಡಿನ ತುಂಡು ಕ್ರ್ಯಾಂಕ್‌ಶಾಫ್ಟ್‌ಗೆ ಸಿಕ್ಕಿಕೊಂಡರೆ ಎಂಜಿನ್ ಅಲ್ಲೇ ಬಿಗಿದುಬಿಡುತ್ತದೆ. ಕವಚ ಒಡೆದು ಹೊರಬಿದ್ದರೆ ಉಳಿದ ಭಾಗ ಎಣ್ಣೆ ಇರುವವರೆಗೆ ತಿರುಗಬಲ್ಲದು. ಅಷ್ಟರ ಮಟ್ಟಿಗೆ ಅದೃಷ್ಟದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಸ ಎಂಜಿನ್‌ನ ಪಿಸ್ಟನ್ನುಗಳು ಹಗುರವಾಗಿದ್ದವು, ಆದ್ದರಿಂದ ಮುರಿದ ಭಾಗದ ಹೊಡೆತವೂ ಕಡಿಮೆ. ಮುಂದಿದ್ದ ಅಂತರ ಸಾಕಷ್ಟಿತ್ತು, ಆದ್ದರಿಂದ ಕುಂಟುತ್ತಲೂ ಓಡಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಎಂಜಿನ್‌ನ ಸದ್ದಿನಲ್ಲೇ ರೋಗ ತಿಳಿಯಬಲ್ಲ ಚಾಲಕ ಅಲ್ಲಿ ಕುಳಿತಿದ್ದರು. ಇನ್ನೂ ವೇಗ ಬೇಕೆಂದು ಒತ್ತಿದ್ದರೆ, ಅಥವಾ ಹೆದರಿ ಪಿಟ್‌ಗೆ ತಂದು ನಿಲ್ಲಿಸಿದ್ದರೆ, ಎರಡರಲ್ಲೂ ರೇಸ್ ಕೈತಪ್ಪುತ್ತಿತ್ತು.

ಅವರ ಎಲ್ಲ ನಿರ್ಧಾರಗಳೂ ಸರಿಯಾಗಿದ್ದವೆಂದು ಹೇಳಲಾರೆ. 1916ರಲ್ಲಿ, ಹಿಂದಿನ ವರ್ಷದ ವಿಜೇತನಾದ ತನಗೆ ಬರೀ ಭಾಗವಹಿಸಿದ್ದಕ್ಕೇ ಪ್ರತ್ಯೇಕ ಹಣ ಕೊಡಬೇಕೆಂದು ಅವರು ಇಂಡಿಯಾನಾಪೊಲಿಸ್ ಆಡಳಿತವನ್ನು ಕೇಳಿದರು. ಆಡಳಿತ ಒಪ್ಪಲಿಲ್ಲ. ಅವರಿಲ್ಲದೆಯೇ ರೇಸ್ ನಡೆದು ರೆಸ್ಟಾ ಗೆದ್ದರು. ಉತ್ತುಂಗದಲ್ಲಿದ್ದ ಚಾಲಕ ಹಟದಿಂದ ಒಂದು ಒಳ್ಳೆಯ ಅವಕಾಶ ಕಳೆದುಕೊಂಡದ್ದು ಹೀಗೆ. ಮುಂದಿನೆರಡು ವರ್ಷ ಯುದ್ಧದಿಂದಾಗಿ ಅಲ್ಲಿ ರೇಸೇ ನಡೆಯಲಿಲ್ಲ.

ಯುದ್ಧ ಮುಗಿದ ಕೂಡಲೇ, 1919ರ ಫೆಬ್ರುವರಿ 12ರಂದು, ಫ್ಲಾರಿಡಾದ ಡೇಟೋನಾ ಕಡಲತೀರದ ಮರಳಿನ ಮೇಲೆ ಪ್ಯಾಕರ್ಡ್ ‘905’ ಎಂಬ ಹನ್ನೆರಡು ಸಿಲಿಂಡರಿನ ಕಾರಿನಲ್ಲಿ ಡಿಪಾಲ್ಮಾ ಗಂಟೆಗೆ 149.875 ಮೈಲಿ, ಅಂದರೆ ಸುಮಾರು 241 ಕಿಲೋಮೀಟರ್ ವೇಗದಲ್ಲಿ ಒಂದು ಮೈಲಿ ಓಡಿಸಿದರು. ಅಲ್ಲಿಯವರೆಗೆ ನೆಲದ ಮೇಲೆ ಯಾವ ಕಾರೂ ಅಷ್ಟು ವೇಗದಲ್ಲಿ ಓಡಿರಲಿಲ್ಲ. ಆದರೆ ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕೆಂಬ ಅಂತರರಾಷ್ಟ್ರೀಯ ನಿಯಮ ಆಗಲೇ ಜಾರಿಯಲ್ಲಿತ್ತು, ಇದು ಒಂದೇ ದಿಕ್ಕಿನ ಓಟ. ಆದ್ದರಿಂದ ಅಮೆರಿಕ ಇದನ್ನು ದಾಖಲೆಯೆಂದು ಒಪ್ಪಿತು, ಯುರೋಪ್ ಒಪ್ಪಲಿಲ್ಲ. ಕೆಲವು ಪಟ್ಟಿಗಳಲ್ಲಿ ಅವರ ಹೆಸರು ಇದ್ದು ಕೆಲವದರಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ.

1920ರಲ್ಲಿ ಅವರು ಅಮೆರಿಕದ ಪ್ರಜೆಯಾದರು. ಅದೇ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಫ್ರಾನ್ಸಿನ ಬಾಲೊ ಕಾರಿನಲ್ಲಿ, ರೇಸಿಗೆ ಮುಂಚಿನ ಅರ್ಹತಾ ಓಟದಲ್ಲಿ ಎಲ್ಲರಿಗಿಂತ ಹೆಚ್ಚಿನ ವೇಗ ತೋರಿಸಿ, ರೇಸಿನಲ್ಲೂ ಮುಂದಿದ್ದರು. ಸುಮಾರು ಹದಿಮೂರು ಸುತ್ತು ಉಳಿದಿದ್ದಾಗ ಕಿಡಿ ಕೊಡುವ ಮ್ಯಾಗ್ನೆಟೋ ಕೈಕೊಟ್ಟಿತು. ಎಂಟು ಸಿಲಿಂಡರುಗಳಲ್ಲಿ ನಾಲ್ಕರಿಂದ ಓಡಿಸಿಕೊಂಡು ಅವರು ಐದನೆಯವರಾದರು. ಗ್ಯಾಸ್ಟನ್ ಷೆವ್ರೊಲೆ ಗೆದ್ದರು. ಅಂದು ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕುಳಿತಿದ್ದವರು ಅವರ ಸೋದರಳಿಯ ಪೀಟರ್ ಡಿಪಾವ್ಲೊ. 1921ರಲ್ಲಿ ಮತ್ತೆ ಅರ್ಹತಾ ಓಟದಲ್ಲಿ ಅತಿವೇಗ, ಮತ್ತೆ 108 ಸುತ್ತಿನ ಮುನ್ನಡೆ, ಮತ್ತೆ ಕನೆಕ್ಟಿಂಗ್ ರಾಡ್. ಅದೇ ಬೇಸಿಗೆ ಲ ಮಾನ್ಸ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ಜಿಮ್ಮಿ ಮರ್ಫಿ ಅವರ ಹಿಂದೆ ಎರಡನೆಯವರಾದರು. 1925ರಲ್ಲಿ ಅವರು ಇಂಡಿಯಾನಾಪೊಲಿಸ್‌ನಲ್ಲಿ ಕೊನೆಯ ಬಾರಿ ಸ್ಪರ್ಧಿಸಿ ಏಳನೆಯವರಾದಾಗ, ಗೆದ್ದವರು ಆ ಸೋದರಳಿಯನೇ. ಡಿಪಾವ್ಲೊ ಅವರ ಸರಾಸರಿ ಗಂಟೆಗೆ 101.13 ಮೈಲಿ, ಆ ರೇಸಿನ ಸರಾಸರಿ ನೂರು ಮೈಲಿ ದಾಟಿದ್ದು ಅದೇ ಮೊದಲು. ಮಾವನ ಪಕ್ಕದ ಸೀಟಿನಲ್ಲಿ ಕಲಿತ ಪಾಠ ವ್ಯರ್ಥವಾಗಲಿಲ್ಲ. ಡಿಪಾಲ್ಮಾ ಆಮೇಲೂ ಕೆಲವು ವರ್ಷ ಸಣ್ಣ ರೇಸುಗಳಲ್ಲಿ ಓಡಿದರು. 1956ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯಾದ ಸೌತ್ ಪ್ಯಾಸಡೀನಾದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಸಮಕಾಲೀನರಲ್ಲಿ ಎಷ್ಟೋ ಮಂದಿ ಟ್ರ್ಯಾಕಿನಲ್ಲೇ ಪ್ರಾಣ ಕಳೆದುಕೊಂಡಿದ್ದರು. ಮೇಲೆ ಹೇಳಿದ ಷೆವ್ರೊಲೆ, ರೆಸ್ಟಾ, ಮರ್ಫಿ ಮೂವರೂ ಕಾರಿನಲ್ಲೇ ಮಡಿದವರು.

ಇನ್ನು 2,000 ಗೆಲುವಿನ ಮಾತು. ಸುಮಾರು 2,800 ರೇಸುಗಳಲ್ಲಿ 2,000 ಗೆಲುವು ಎಂಬ ಲೆಕ್ಕ ಬಹಳ ಕಡೆ ಉಲ್ಲೇಖವಾಗುತ್ತದೆ. ಜಾತ್ರೆ ಮೈದಾನದಲ್ಲಿ ಒಂದೇ ಮಧ್ಯಾಹ್ನ ನಡೆಯುತ್ತಿದ್ದ ಐದು ಮೈಲಿ, ಹತ್ತು ಮೈಲಿಯ ಬಿಡಿ ಸುತ್ತುಗಳು, ಪ್ರದರ್ಶನದ ಓಟಗಳು ಎಲ್ಲವನ್ನೂ ಒಂದೊಂದು ರೇಸೆಂದು ಎಣಿಸಿದರೆ ಮಾತ್ರ ಅಂಥ ಸಂಖ್ಯೆ ಹತ್ತಿರ ಬರಬಹುದು. ಇದನ್ನು ಚಾಂಪಿಯನ್‌ಷಿಪ್ ಗೆಲುವುಗಳ ಜೊತೆ ಬೆರೆಸಬಾರದು. ಹಾಗೆಯೇ 1912 ಮತ್ತು 1914ರ ರಾಷ್ಟ್ರೀಯ ಚಾಂಪಿಯನ್ ಎಂದು ಅವರ ಹೆಸರಿನ ಮುಂದೆ ಬರೆಯುವುದುಂಟು. ಆ ವರ್ಷಗಳಲ್ಲಿ ಅಂಕಗಳ ಆಧಾರದ ಅಧಿಕೃತ ಚಾಂಪಿಯನ್‌ಷಿಪ್ ನಡೆಯುತ್ತಿರಲಿಲ್ಲ, ಆ ಪಟ್ಟಗಳು ದಾಖಲೆಗೆ ಸೇರಿದ್ದು ಆಮೇಲೆ.

ಅವರ ಯೋಗ್ಯತೆಗೆ ಅಳತೆಗೋಲು ಬೇಕಿದ್ದರೆ ನಾನು ಇಂಡಿಯಾನಾಪೊಲಿಸ್‌ನಲ್ಲಿ ಮುಂದಿದ್ದ ಸುತ್ತುಗಳ ಎಣಿಕೆಯನ್ನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಪ್ರತಿ ಸುತ್ತಿನ ಲೆಕ್ಕವೂ ಬರಹದಲ್ಲಿದೆ. 1911ರಲ್ಲಿ 4, 1912ರಲ್ಲಿ 196, 1915ರಲ್ಲಿ 132, 1919ರಲ್ಲಿ 93, 1920ರಲ್ಲಿ 79, 1921ರಲ್ಲಿ 108, ಒಟ್ಟು 612 ಸುತ್ತು. ಈ ದಾಖಲೆ 1980ರ ದಶಕದ ಕೊನೆಯವರೆಗೂ ನಿಂತಿತ್ತು. ಅದನ್ನು ಮೀರಿಸಿದವರು ಆ ರೇಸನ್ನು ನಾಲ್ಕು ಬಾರಿ ಗೆದ್ದ ಆಲ್ ಅನ್ಸರ್. ಅನ್ಸರ್ ಅಲ್ಲಿ ಒಟ್ಟು 27 ಬಾರಿ ಸ್ಪರ್ಧಿಸಿದ್ದರು. ಡಿಪಾಲ್ಮಾ ಸ್ಪರ್ಧಿಸಿದ್ದು ಹತ್ತು ಬಾರಿ.